ಟಾಕೀಸಿನ ಹೆಸರು, ಮಾಲಿನ ಪರದೆ

ಥಾಣೆಯಲ್ಲಿ ಬಸ್ಸು ಹಿಡಿಯುವವರಿಗೆ ‘ವಂದನಾ’ ಎಂದರೆ ಎಸ್.ಟಿ. ಸ್ಟ್ಯಾಂಡು. ಅದು ಮೂಲದಲ್ಲಿ ಒಂದು ಟಾಕೀಸಿನ ಹೆಸರು ಎಂದು ಈಗಿನ ಹುಡುಗರಿಗೆ ಬಿಡಿಸಿ ಹೇಳಬೇಕು. ವಾಶಿಯ ಮೇಘರಾಜ್‌ನದೂ ಅದೇ ಕತೆ. ಪರದೆ ಆರಿ ವರ್ಷಗಳಾದವು, ರಿಕ್ಷಾದವರ ಬಾಯಲ್ಲಿ ಹೆಸರು ಮಾತ್ರ ಉಳಿದಿದೆ.

ಟಾಕೀಸುಗಳನ್ನು ಕಾಲ ನುಂಗಿತು ಎನ್ನುವುದು ರೂಢಿ. ನನಗೆ ಅದು ಅರ್ಧ ಮಾತು. ಇನ್ನರ್ಧ ಸರಕಾರದ ಕಡತದಲ್ಲಿದೆ. ಮಹಾರಾಷ್ಟ್ರದ ಮನರಂಜನಾ ತೆರಿಗೆ ಶೇಕಡಾ 45ರಷ್ಟಿತ್ತು. 2001ರಲ್ಲಿ ಸರಕಾರ ಒಂದು ಯೋಜನೆ ತಂದಿತು: ಮಲ್ಟಿಪ್ಲೆಕ್ಸ್ ಕಟ್ಟಿದವರಿಗೆ ಮೊದಲ ಮೂರು ವರ್ಷ ತೆರಿಗೆ ಪೂರ್ತಿ ಮಾಫಿ, ಮುಂದಿನ ಎರಡು ವರ್ಷ ಕಾಲು ಭಾಗ ಕಟ್ಟಿದರೆ ಸಾಕು. ಒಂದೇ ಪರದೆಯ ಹಳೆಯ ಟಾಕೀಸಿಗೆ ಆ ಭಾಗ್ಯವಿರಲಿಲ್ಲ. ಮಾಫಿ ಎಂದ ಮೇಲೆ ಟಿಕೆಟು ಅಗ್ಗವಾಗಬೇಕಿತ್ತಲ್ಲ ಎಂದು ಕೇಳಬಹುದು. ಆ ರಿಯಾಯಿತಿ ನೋಡುವವರಿಗಲ್ಲ, ಕಟ್ಟುವವರಿಗೆ. ಪುಣೆಯ ಚಾಫಳ್ಕರ್ ಬ್ರದರ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರ ಡಿಸೆಂಬರಿನಲ್ಲಿ ಇದನ್ನೇ ಸ್ಪಷ್ಟ ಮಾಡಿತು: ಇದು ಬಂಡವಾಳದ ಸಹಾಯಧನ, ವ್ಯಾಪಾರದ ಆದಾಯವಲ್ಲ. ಹೀಗಾಗಿ ಅದಕ್ಕೆ ಆದಾಯ ತೆರಿಗೆಯೂ ಇಲ್ಲ!

ಹಣವೂ ಜಾಗವೂ ಕೂಡಿದ ಕಡೆ ಮಾಲುಗಳೆದ್ದವು. ಘೋಡ್‌ಬಂದರ್ ರಸ್ತೆಯ ವಂಡರ್ ಮಾಲಿನಲ್ಲಿ ಸಿನೆಮ್ಯಾಕ್ಸ್ ಬಂತು. 2013ರಲ್ಲಿ ತೆರೆದ ವಿವಿಯಾನಾ ಮಾಲಿನಲ್ಲಿ ಮೆಕ್ಸಿಕೋದ ಸಿನೆಪೊಲಿಸ್ ಕಂಪನಿ 14 ಪರದೆಗಳನ್ನು ಹಾಕಿತು. ಬೋರ್ಡುಗಳು ಬದಲಾಗುತ್ತಲೇ ಹೋದವು. ಸಿನೆಮ್ಯಾಕ್ಸನ್ನು ಪಿವಿಆರ್ ಕೊಂಡಿತು, 2023ರಲ್ಲಿ ಪಿವಿಆರ್ ಮತ್ತು ಐನಾಕ್ಸ್ ಒಂದಾದವು.

ನಮ್ಮವರಿಗೆ ಇದರಿಂದ ಏನಾಯಿತು? ಹಿಂದೆ ದಕ್ಷಿಣದ ಸಿನೆಮಾ ಬೇಕೆಂದರೆ ಮಾಟುಂಗದ ಅರೋರಾಕ್ಕೆ ಹೋಗಬೇಕು. ಅಲ್ಲಿಯೂ ತಮಿಳಿನದೇ ದೊಡ್ಡಸ್ತಿಕೆ. ಡೊಂಬಿವಲಿಯ ಟಾಕೀಸಿನವನು ಅಷ್ಟು ದೊಡ್ಡ ಹಾಲನ್ನು ಕನ್ನಡ ಚಿತ್ರಕ್ಕೆ ಬಿಟ್ಟುಕೊಟ್ಟು ಖಾಲಿ ಕುರ್ಚಿ ಎಣಿಸುತ್ತಾ ಕೂರುತ್ತಾನೆಯೇ? ಮಾಲಿನಲ್ಲಿ ಹಾಗಲ್ಲ. ಹಲವು ಸಣ್ಣ ಹಾಲುಗಳಲ್ಲಿ ಒಂದರ ಒಂದು ಆಟ ಕೊಟ್ಟರೆ ಅವರಿಗೆ ನಷ್ಟವೇನೂ ಇಲ್ಲ. ಟಾಕೀಸನ್ನು ಎಷ್ಟೇ ನೆನೆದುಕೊಂಡರೂ ಈ ಮಾತನ್ನು ಒಪ್ಪಲೇಬೇಕು. ಆದರೆ ವೇಳೆ ನಮ್ಮ ಕೈಯಲ್ಲಿಲ್ಲ. 2015ರಲ್ಲಿ ಮರಾಠಿ ಚಿತ್ರಗಳಿಗೆ ಮಧ್ಯಾಹ್ನ 12ರಿಂದ ರಾತ್ರಿ 9ರೊಳಗೆ ಆಟ ಕೊಡಬೇಕೆಂದು ಸರಕಾರ ಹೇಳಿತು. ಅವರ ನಾಡು, ನ್ಯಾಯವೇ. ನಮ್ಮ ಪಾಲಿಗೆ ಬೆಳಗಿನ ಒಂಬತ್ತು, ಇಲ್ಲವೇ ರಾತ್ರಿ ಕೊನೆಯ ಲೋಕಲ್ ತಪ್ಪುವ ಹೊತ್ತು.

2022ರ ಸೆಪ್ಟೆಂಬರ್ 30ಕ್ಕೆ ‘ಕಾಂತಾರ’ ಕನ್ನಡದಲ್ಲಿ ಬಂತು, ಹಿಂದಿಯಲ್ಲಿ ಬಂದದ್ದು ಎರಡು ವಾರ ತಡವಾಗಿ. ಹಿಂದಿ ಬರುವ ಮೊದಲೇ ಥಾಣೆಯ ಒಂದು ಮಾಲಿನಲ್ಲಿ ನೋಡಿದೆ. ಗುಳಿಗನ ಕೂಗು ಎದ್ದಾಗ ಪಕ್ಕದ ಸಾಲಿನ ಅಜ್ಜಿಯೊಬ್ಬರು ಚಪ್ಪಲಿ ಕಳಚಿ, ಕಾರ್ಪೆಟ್ಟಿನ ಮೇಲೆ ಬರಿಗಾಲೂರಿ, ಕೈ ಮುಗಿದು ಕೂತರು. ದೀಪ ಹತ್ತಿದ ಮೇಲೆ ಚಪ್ಪಲಿ ಹುಡುಕಲು ಮೊಮ್ಮಗ ಮೊಬೈಲಿನ ಟಾರ್ಚು ಹಿಡಿದಿದ್ದ.