ಜಿಪಿಎಸ್ ನಿಯಂತ್ರಿತ ಆಂದೋಲಕ

ಜಿಪಿಎಸ್ ನಿಯಂತ್ರಿತ ಆಂದೋಲಕ ಅಥವಾ ಜಿಪಿಎಸ್‌ಡಿಒ ಎಂಬುದು ಉತ್ತಮ ದರ್ಜೆಯ ಸ್ಫಟಿಕ ಆಂದೋಲಕವೊಂದನ್ನು ಉಪಗ್ರಹಗಳ ಕಾಲಸಂಕೇತಕ್ಕೆ ಸದಾ ಹೊಂದಿಸುತ್ತ ನಿಖರವಾದ ಆವರ್ತನ ಮತ್ತು ಸಮಯವನ್ನು ನೀಡುವ ಉಪಕರಣವಾಗಿದೆ. ಸಾಮಾನ್ಯವಾಗಿ ಇದರಿಂದ 10 ಮೆಗಾಹರ್ಟ್ಸ್ ಸಂಕೇತವನ್ನೂ ಸೆಕೆಂಡಿಗೊಂದು ಸ್ಪಂದವನ್ನೂ ಪಡೆಯಲಾಗುತ್ತದೆ. ದೂರಸಂಪರ್ಕ ಜಾಲ, ವಿದ್ಯುತ್ ಜಾಲ, ರೇಡಿಯೊ ಖಗೋಳವಿಜ್ಞಾನ ಮತ್ತು ಹವ್ಯಾಸಿ ರೇಡಿಯೊಗಳಲ್ಲಿ ಇದರ ಬಳಕೆಯಿದೆ.

ತತ್ವ

ಕ್ವಾರ್ಟ್ಜ್ ಸ್ಫಟಿಕದ ಕಂಪನವು ಕೆಲವು ಸೆಕೆಂಡುಗಳ ಅವಧಿಯಲ್ಲಿ ಅತ್ಯಂತ ಸ್ಥಿರವಾಗಿರುತ್ತದೆ. ಆದರೆ ಉಷ್ಣತೆಯ ಬದಲಾವಣೆ ಮತ್ತು ವಯಸ್ಸಿನ ಕಾರಣ ಅದು ದಿನಗಳೆದಂತೆ ನಿಧಾನವಾಗಿ ದಾರಿ ತಪ್ಪುತ್ತದೆ. ಸ್ಫಟಿಕವನ್ನು ಸ್ಥಿರ ಉಷ್ಣತೆಯ ಪುಟ್ಟ ಓವನ್ನಿನೊಳಗೆ ಇರಿಸಿದರೂ ಈ ದೋಷ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಉಪಗ್ರಹ ಗ್ರಾಹಕದ ಸ್ವಭಾವ ಇದಕ್ಕೆ ತದ್ವಿರುದ್ಧ. ಅದರ ಸ್ಪಂದವು ಪ್ರತಿ ಸೆಕೆಂಡಿಗೂ ಹತ್ತಾರು ನ್ಯಾನೊಸೆಕೆಂಡ್ ಹಿಂದೆಮುಂದೆ ಆಗಬಹುದು, ಆದರೆ ಈ ಅಲುಗಾಟ ಸಂಚಯವಾಗುವುದಿಲ್ಲ. 10 ನ್ಯಾನೊಸೆಕೆಂಡಿನ ದೋಷವು ಒಂದು ಸೆಕೆಂಡಿನ ಅಳತೆಯಲ್ಲಿ ಹತ್ತು ಕೋಟಿಯಲ್ಲಿ ಒಂದು ಭಾಗವಾದರೆ, ಸಾವಿರ ಸೆಕೆಂಡುಗಳ ಅಳತೆಯಲ್ಲಿ ಅದರ ಸಾವಿರದ ಒಂದು ಪಾಲಾಗುತ್ತದೆ.

ಆಂದೋಲಕದ 10 ಮೆಗಾಹರ್ಟ್ಸ್ ಸಂಕೇತವನ್ನು ಒಂದು ಕೋಟಿಯಿಂದ ಭಾಗಿಸಿ ದೊರೆತ ಸ್ಪಂದವನ್ನು ಗ್ರಾಹಕದ ಸ್ಪಂದದೊಡನೆ ಹೋಲಿಸಲಾಗುತ್ತದೆ. ವ್ಯತ್ಯಾಸವನ್ನು ದೀರ್ಘಕಾಲ ಸರಾಸರಿ ಮಾಡಿ, ಆಂದೋಲಕದ ನಿಯಂತ್ರಣ ವೋಲ್ಟೇಜನ್ನು ತುಸುತುಸುವೇ ಸರಿಪಡಿಸಲಾಗುತ್ತದೆ. ಎಷ್ಟು ಕಾಲ ಸರಾಸರಿ ಮಾಡಬೇಕು ಎಂಬುದೇ ವಿನ್ಯಾಸದ ಕಠಿಣ ಪ್ರಶ್ನೆ. ಆತುರಪಟ್ಟರೆ ಗ್ರಾಹಕದ ಅಲುಗಾಟವೆಲ್ಲ ಸ್ಫಟಿಕಕ್ಕೆ ಅಂಟಿಕೊಳ್ಳುತ್ತದೆ. ತಡಮಾಡಿದರೆ ಕೋಣೆಯ ಬಿಸಿಲು-ತಂಪು ಆವರ್ತನದಲ್ಲಿ ಕಾಣಿಸಿಕೊಳ್ಳುತ್ತದೆ. ಓವನ್ ಉತ್ತಮವಾಗಿದ್ದಷ್ಟೂ ಹೆಚ್ಚು ಕಾಲ ಕಾಯಬಹುದು.

ಆಂಟೆನಾಕ್ಕೆ ತೆರೆದ ಆಕಾಶ ಬೇಕು. ಅಡಿಕೆ ತೋಟ ಮತ್ತು ಗುಡ್ಡಗಳ ನಡುವಿನ ಕರಾವಳಿಯ ಮನೆಗಳಲ್ಲಿ ಇದು ಸುಲಭವಲ್ಲ. ಆದರೆ ಆಂಟೆನಾದ ಸ್ಥಾನ ಮೊದಲೇ ನಿಖರವಾಗಿ ತಿಳಿದಿದ್ದರೆ, ಕಾಲಮಾಪನಕ್ಕೆಂದೇ ತಯಾರಾದ ಗ್ರಾಹಕಗಳಿಗೆ ಒಂದೇ ಉಪಗ್ರಹ ಕಂಡರೂ ಸಾಕಾಗುತ್ತದೆ.

ಸಂಕೇತ ತಪ್ಪಿದಾಗ

ಸಂಕೇತ ನಿಂತಾಗ ಉಪಕರಣವು ಕೊನೆಯ ವೋಲ್ಟೇಜನ್ನು ಉಳಿಸಿಕೊಂಡು ಸ್ಫಟಿಕದ ಬಲದಲ್ಲೇ ನಡೆಯುತ್ತದೆ. ದಿನಕ್ಕೆ ಸಾವಿರ ಕೋಟಿಯಲ್ಲಿ ಒಂದು ಭಾಗದಷ್ಟು ಜರುಗುವ ಸ್ಫಟಿಕವು ಆರಂಭದಲ್ಲಿ ಸರಿಯಾಗಿದ್ದರೂ 24 ಗಂಟೆಗಳಲ್ಲಿ ಸುಮಾರು 4.3 ಮೈಕ್ರೊಸೆಕೆಂಡ್ ತಪ್ಪುತ್ತದೆ. 50 ಹರ್ಟ್ಸ್ ವಿದ್ಯುತ್ ಜಾಲದಲ್ಲಿ ಒಂದು ಮೈಕ್ರೊಸೆಕೆಂಡ್ ಎಂದರೆ 0.018 ಡಿಗ್ರಿ ಕೋನ ಮಾತ್ರ. ಅಲ್ಲಿ ಈ ತಪ್ಪು ಸಹ್ಯ. ಕಾಲ ಹಂಚಿಕೆಯ ಎಲ್‌ಟಿಇ ಮೊಬೈಲ್ ಜಾಲಕ್ಕೆ ಬೇಕಾದ ನಿಖರತೆ ಸುಮಾರು 1.5 ಮೈಕ್ರೊಸೆಕೆಂಡ್, ಅಲ್ಲಿ ಇದು ಸಹ್ಯವಲ್ಲ.

ನಾವಿಕ್ ಮತ್ತು ಬ್ಯಾಲಾಳು

ಹೆಸರಿನಲ್ಲಿ ಜಿಪಿಎಸ್ ಇದ್ದರೂ ಗ್ಲೋನಾಸ್, ಗೆಲಿಲಿಯೊ ಅಥವಾ ಭಾರತದ ನಾವಿಕ್ ಸಂಕೇತಗಳಿಂದಲೂ ಆಂದೋಲಕವನ್ನು ನಿಯಂತ್ರಿಸಬಹುದು. ನಾವಿಕ್ ವ್ಯವಸ್ಥೆಯ ಕಾಲವನ್ನು ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿರುವ ಇಸ್ರೋ ಸಂಚರಣಾ ಕೇಂದ್ರದಲ್ಲಿ ಸೀಸಿಯಂ ಹಾಗೂ ಹೈಡ್ರೋಜನ್ ಮೇಸರ್ ಗಡಿಯಾರಗಳ ಸಮೂಹದಿಂದ ರೂಪಿಸಲಾಗುತ್ತದೆ. 2013ರ ಮೇ ತಿಂಗಳಲ್ಲಿ ಈ ಕೇಂದ್ರ ಉದ್ಘಾಟನೆಗೊಂಡಿತು. ಅದೇ ವರ್ಷ ಜುಲೈ 1ರಂದು ಹಾರಿದ ಐಆರ್‌ಎನ್‌ಎಸ್‌ಎಸ್-1ಎ ಉಪಗ್ರಹದ ಮೂರೂ ರುಬಿಡಿಯಂ ಗಡಿಯಾರಗಳು ಮುಂದೆ ವಿಫಲವಾದವು. ಅವು ಆಮದು ಮಾಡಿದವುಗಳಾಗಿದ್ದವು. 2023ರ ಮೇ 29ರಂದು ಉಡಾವಣೆಯಾದ ಎನ್‌ವಿಎಸ್-01, ಸ್ವದೇಶಿ ರುಬಿಡಿಯಂ ಗಡಿಯಾರವನ್ನು ಹೊತ್ತ ಈ ಸರಣಿಯ ಮೊದಲ ಉಪಗ್ರಹವಾಗಿದೆ.