ಜಗದ್ಗುರುಗಳಿಗೆ ರಾಷ್ಟ್ರವೊಂದು ಏಕೆ?

"ಫಾದರ್, ವ್ಯಾಟಿಕನ್ ಒಂದು ದೇಶವೇ?" ಧರ್ಮೋಪದೇಶ ತರಗತಿಗಳಲ್ಲಿ ಮಕ್ಕಳು ಆಗಾಗ್ಗೆ ಕೇಳುವ ಪ್ರಶ್ನೆಯಿದು. ಹೌದೆನ್ನುವುದು ಸುಲಭ. ಆದರೆ ಆತ್ಮಗಳ ಪಾಲಕರಾದ ಜಗದ್ಗುರುಗಳಿಗೆ ರಾಷ್ಟ್ರವೇಕೆ ಎಂಬ ಮರುಪ್ರಶ್ನೆಗೆ ಉತ್ತರಿಸಲು ಇತಿಹಾಸದ ಮೊರೆಹೋಗಬೇಕು.

ಜನ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ ಎಂಬ ನಾಲ್ಕು ಅಂಶಗಳಿದ್ದರೆ ಮಾತ್ರ ಅದು ರಾಷ್ಟ್ರವೆನ್ನುತ್ತದೆ ರಾಜ್ಯಶಾಸ್ತ್ರ. ಎಂಟನೇ ಶತಮಾನದಿಂದ ಮಧ್ಯ ಇಟಲಿಯನ್ನು ಆಳಿದ ಜಗದ್ಗುರುಗಳ ಬಳಿ ಈ ನಾಲ್ಕೂ ಇದ್ದವು. ಸೈನ್ಯವಿತ್ತು, ಸುಂಕವಿತ್ತು, ಸೆರೆಮನೆಯಿತ್ತು, ಮರಣದಂಡನೆಯೂ ಇತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಇಟಲಿಯ ಏಕೀಕರಣ ಆರಂಭವಾದಾಗ ಒಂದೊಂದೇ ಪ್ರಾಂತ್ಯ ಕೈತಪ್ಪಿತು. 1870ರ ಸೆಪ್ಟೆಂಬರ್ 20ರಂದು ಇಟಲಿಯ ಸೇನೆ ಪೋರ್ತಾ ಪಿಯಾ ಬಳಿ ಕೋಟೆಗೋಡೆಯನ್ನು ಒಡೆದು ರೋಮ್ ನಗರವನ್ನು ಪ್ರವೇಶಿಸಿತು. ಮರುವರ್ಷ ಆ ಸರ್ಕಾರ ಕಾನೂನೊಂದರ ಮೂಲಕ ವಾರ್ಷಿಕ ಧನ ಹಾಗೂ ಗೌರವಗಳನ್ನು ನೀಡಲು ಮುಂದಾದಾಗ ಜಗದ್ಗುರು ಒಂಬತ್ತನೇ ಪಿಯುಸ್‌ರವರು ನಿರಾಕರಿಸಿದರು. ಒಂದು ಸಂಸತ್ತು ಕೊಟ್ಟದ್ದನ್ನು ಮತ್ತೊಂದು ಸಂಸತ್ತು ಕಸಿದುಕೊಳ್ಳಬಹುದಲ್ಲವೇ?

ಮುಂದಿನ 59 ವರ್ಷ ಜಗದ್ಗುರುಗಳಿಗೆ ರಾಷ್ಟ್ರವಿರಲಿಲ್ಲ. ಆದರೆ ಅವರ ದನಿ ಉಡುಗಲಿಲ್ಲ. ಹಲವು ದೇಶಗಳ ರಾಯಭಾರಿಗಳು ಪವಿತ್ರ ಪೀಠಕ್ಕೆ ಬರುತ್ತಲೇ ಇದ್ದರು. 1885ರಲ್ಲಿ ಕ್ಯಾರೊಲಿನ್ ದ್ವೀಪಗಳಿಗಾಗಿ ಜರ್ಮನಿ ಮತ್ತು ಸ್ಪೇನ್ ಜಗಳಕ್ಕಿಳಿದಾಗ ಸಂಧಾನ ಮಾಡಿದವರು ನೆಲ ಕಳೆದುಕೊಂಡಿದ್ದ ಪೀಠದ ಹದಿಮೂರನೇ ಲಿಯೋರವರು! 1891ರಲ್ಲಿ ಕಾರ್ಮಿಕರ ಹಕ್ಕುಗಳ ಪರವಾಗಿ ವಿಶ್ವಪತ್ರ ಬರೆದವರೂ ಅವರೇ.

ಹಾಗಿದ್ದರೆ ನೆಲವೇ ಬೇಡವಾಗಿತ್ತೇ? ಬೇಕಿತ್ತು, ಆದರೆ ಬೇರೊಂದು ಉದ್ದೇಶಕ್ಕಾಗಿ. ಯಾವ ಅರಸನ ಪ್ರಜೆಯೂ ಆಗದೆ, ಯಾರ ಹಂಗಿಗೂ ಒಳಗಾಗದೆ ಸತ್ಯವನ್ನು ಸಾರಲು ಜಗದ್ಗುರುಗಳಿಗೆ ಸ್ವಂತ ನೆಲೆಯೊಂದು ಅಗತ್ಯವಾಗಿತ್ತು. 1929ರ ಫೆಬ್ರವರಿ 11ರಂದು ಕಾರ್ಡಿನಲ್ ಗಾಸ್ಪಾರಿ ಮತ್ತು ಮುಸೊಲಿನಿ ಲ್ಯಾಟರನ್ ಒಪ್ಪಂದಕ್ಕೆ ಸಹಿ ಹಾಕಿದರು. ಸಹಿ ಹಾಕಿದವರಲ್ಲೊಬ್ಬ ಸರ್ವಾಧಿಕಾರಿ ಎಂಬುದನ್ನು ಮರೆಯಬಾರದು. ಹೀಗೆ ಸುಮಾರು 44 ಹೆಕ್ಟೇರಿನ ವ್ಯಾಟಿಕನ್ ನಗರ ರಾಷ್ಟ್ರ ಜನ್ಮತಾಳಿತು.

ಇಲ್ಲಿನ ಪೌರತ್ವ ವಿಶಿಷ್ಟವಾದುದು. ಹುಟ್ಟಿನಿಂದ ಅದು ದೊರೆಯದು. ಮುಖ್ಯವಾಗಿ ಸೇವೆಯಿಂದ ದೊರೆಯುತ್ತದೆ, ಸೇವೆ ಮುಗಿದಾಗ ಸಾಮಾನ್ಯವಾಗಿ ಕೊನೆಗೊಳ್ಳುತ್ತದೆ. 1962ರಲ್ಲಿ ಕಾರ್ಡಿನಲ್ ಮೊಂತಿನಿಯವರು ಹಳೆಯ ರಾಜ್ಯವನ್ನು ಕಳೆದುಕೊಂಡದ್ದರಲ್ಲಿ ದೈವಸಂಕಲ್ಪವನ್ನೇ ಕಂಡರು. ಮುಂದೆ ಅವರೇ ಆರನೇ ಪೌಲರಾಗಿ 1970ರಲ್ಲಿ ಸ್ವಿಸ್ ಕಾವಲುಪಡೆಯನ್ನು ಮಾತ್ರ ಉಳಿಸಿಕೊಂಡು ಉಳಿದ ಸಶಸ್ತ್ರ ಪಡೆಗಳನ್ನು ವಿಸರ್ಜಿಸಿದರು.

ಗಡಿ, ಧ್ವಜ, ಸೈನ್ಯ, ಖಜಾನೆ ಇವೆಲ್ಲ ರಾಷ್ಟ್ರದ ಸಾಧನಗಳು, ಗುರಿಯಲ್ಲ. ಸಾರ್ವಜನಿಕ ಅಧಿಕಾರವಿರುವುದೇ ಸರ್ವರ ಹಿತಕ್ಕಾಗಿ ಎಂದು ಇಪ್ಪತ್ತಮೂರನೇ ಜಾನ್‌ರವರು 1963ರ ತಮ್ಮ ಶಾಂತಿಯ ವಿಶ್ವಪತ್ರದಲ್ಲಿ ಬೋಧಿಸಿದರು. ನಮ್ಮ ಸಂವಿಧಾನದ ಪೀಠಿಕೆಯೂ ನಾಗರಿಕರಿಗೆ ದೊರಕಬೇಕಾದವುಗಳಲ್ಲಿ ನ್ಯಾಯವನ್ನೇ ಮೊದಲು ಹೆಸರಿಸುತ್ತದೆ. ಮತ ಹಾಕುವಾಗ, ತೆರಿಗೆ ಕಟ್ಟುವಾಗ ನಾವು ಕೇಳಬೇಕಾದದ್ದು ದೇಶ ಎಷ್ಟು ದೊಡ್ಡದು ಎಂದಲ್ಲ. ಅದರ ನೆರಳು ಕಟ್ಟಕಡೆಯ ಬಡವನಿಗೂ ತಲುಪುತ್ತಿದೆಯೇ ಎಂದು. ಶಿಷ್ಯರ ಪಾದ ತೊಳೆದ ಪ್ರಭುವಿನ ಹಿಂಬಾಲಕರಿಗೆ ಅಧಿಕಾರವನ್ನು ಅಳೆಯಲು ಬೇರೆ ಅಳತೆಗೋಲಿಲ್ಲ.