ಮೂರನೇ ಮಹಡಿಯ ನಿಧಿ ನಿಕ್ಷೇಪ

ಬೆಂಗಳೂರಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟ್ ಮಾರಾಟಕ್ಕಿದೆ. ಪತ್ರಬರಹಗಾರರು ಕ್ರಯಪತ್ರದ ಕರಡನ್ನು ಒಂದೇ ಉಸಿರಿಗೆ ಓದುತ್ತಾರೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಕಾಲ ಕೆಳಗೆ ಸ್ವಂತದ ಮಣ್ಣೇ ಇಲ್ಲದ ಮನೆಗೆ ಹೂತಿಟ್ಟ ಹೊನ್ನಿನ ಹಕ್ಕು! ಕೊಳ್ಳುವವರು ತಲೆಯಾಡಿಸಿ ಸಹಿ ಹಾಕುತ್ತಾರೆ.

ಈ ಅಷ್ಟಭೋಗ ವಿಜಯನಗರ ಕಾಲದ ತಾಮ್ರಪಟಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ನೆಲದೊಳಗಿನ ಸಂಪತ್ತು, ನೀರು, ಕಲ್ಲು, ಇಂದಿನ ಆದಾಯ, ಮುಂದೆ ಬರುವ ಲಾಭ, ಸಾಗುವಳಿಯಾದ ಹೊಲ, ಸಾಗುವಳಿಗೆ ತರಬಹುದಾದ ಬೀಳು, ಎಲ್ಲವೂ ಅದರಲ್ಲಿ ಸೇರಿವೆ. ಹೊಲಕ್ಕೆ ಹುಟ್ಟಿದ ಮಾತು ಮನೆಗೂ ಅಂಟಿಕೊಂಡಿತು, ಅಷ್ಟೇ. 1878ರ ನಿಧಿ ಕಾಯಿದೆ 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಲೇಬೇಕೆಂದಿತು. ಪತ್ರಬರಹಗಾರರು ಅದಕ್ಕೆ ಸೊಪ್ಪು ಹಾಕಲಿಲ್ಲ.

ತಾಮ್ರಪಟಗಳ ಕಾಲದಲ್ಲಿ ಪತ್ರವನ್ನು ಕಾಯುತ್ತಿದ್ದದ್ದು ಸಾಕ್ಷಿ, ಎಲ್ಲೆಕಲ್ಲು ಮತ್ತು ಶಾಪ. ದಾನದ ಭೂಮಿ ಕಸಿದವನು 60,000 ವರ್ಷ ಹೊಲಸಿನ ಹುಳುವಾಗಿರುತ್ತಾನೆಂದು ಶಾಸನದ ಕೊನೆಗೆ ಕೊರೆಯುತ್ತಿದ್ದರು. ಹುತ್ತ, ಹಳ್ಳ, ಹುಣಸೆಮರ ಹಿಡಿದು ನಾಲ್ಕು ದಿಕ್ಕಿನ ಗಡಿ ಹೇಳುವ ಆ ರೂಢಿಯೇ ಇಂದಿನ ಚಕ್ಕುಬಂದಿ. ಮರದ ಜಾಗಕ್ಕೆ ಪಕ್ಕದ ಸೈಟಿನ ನಂಬರು ಬಂದಿದೆ.

ಶಾಪದ ಕೆಲಸವನ್ನು ಬ್ರಿಟಿಷರು ದಫ್ತರಕ್ಕೆ ವಹಿಸಿದರು. 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ 100 ರೂಪಾಯಿ ಮತ್ತು ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯನ್ನು ನೋಂದಾಯಿತ ಪತ್ರದ ಮೂಲಕವೇ ಮಾರಬೇಕು. ಆ ನೂರು ರೂಪಾಯಿ ಇಂದಿಗೂ ಕಾಯಿದೆಯಲ್ಲಿ ಹಾಗೇ ಕೂತಿದೆ. 1908ರ ನೋಂದಣಿ ಕಾಯಿದೆ ಬಂದಮೇಲೆ ಕಚೇರಿಯ ಪುಸ್ತಕವೇ ದೊಡ್ಡ ಸಾಕ್ಷಿ. ಛಾಪಾ ಕಾಗದ, ಸಾಕ್ಷಿಗಳ ರುಜು, ಕೊನೆಯಲ್ಲಿ ‘ಬಿಕ್ಕಲಂ’ ಎಂದು ಬರೆದವನ ಹೆಸರು. ಪಾರ್ಸಿಯಿಂದ ಬಂದ ಆ ಪದದ ಅರ್ಥ, ಇಂಥವರ ಲೇಖನಿಯಿಂದ ಎಂದು.

ಆಸ್ತಿಯ ಮೇಲೆ ಯಾರ ಸಾಲವಿದೆ, ಯಾರ ಹಕ್ಕಿದೆ ಎಂದು ಹೇಳುವುದು ಇಸಿ, ಅಂದರೆ ಋಣಭಾರ ಪತ್ರ. ವ್ಯವಹಾರಗಳಿದ್ದರೆ ಫಾರಂ 15, ಏನೂ ಇಲ್ಲದಿದ್ದರೆ ಫಾರಂ 16. ನೋಂದಣಿಯಾಗದ ಕರಾರು ಮಾತ್ರ ಇದರಲ್ಲಿ ಕಾಣುವುದಿಲ್ಲ. ಹಾಗಾಗಿಯೇ ವಕೀಲರು ಮೂಲಪತ್ರದಿಂದ ಮೊದಲ್ಗೊಂಡು ಸರಪಳಿಯ ಕೊಂಡಿಗಳನ್ನೆಲ್ಲ ಎಣಿಸುತ್ತಾರೆ. ಖಾತೆಯನ್ನೇ ಒಡೆತನದ ಪತ್ರವೆಂದು ನಂಬಿ ಕೆಟ್ಟವರು ಕಡಿಮೆಯಿಲ್ಲ. ಅದು ಕಂದಾಯದ ಲೆಕ್ಕ.

ಆಮೇಲೆ ಕಾಗದದ ಮೇಲೇ ಅನುಮಾನ ಬಂತು. ಖಾನಾಪುರದ ಅಬ್ದುಲ್ ಕರೀಂ ತೆಲಗಿ ನಕಲಿ ಛಾಪಾ ಕಾಗದ ಹರಡಿ 2001ರಲ್ಲಿ ಸಿಕ್ಕಿಬಿದ್ದ. ಛಾಪಾ ಕಾಗದದ ಜಾಗಕ್ಕೆ ಕ್ರಮೇಣ ಇ-ಸ್ಟ್ಯಾಂಪ್ ಬಂತು. ದಫ್ತರಗಳು ‘ಕಾವೇರಿ’ ತಂತ್ರಾಂಶದೊಳಗೆ ಹೋದವು. 2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯ.

ಇಷ್ಟೆಲ್ಲ ಕೇಳುವ ನಾವು ಒಂದನ್ನು ಮಾತ್ರ ಕೇಳುವುದಿಲ್ಲ: ಆ ಮನೆ ಎಷ್ಟು ಕರೆಂಟು ತಿನ್ನುತ್ತದೆ? ಮನೆ ಮಾರುವಾಗ ಇಂಧನ ಪ್ರಮಾಣಪತ್ರ ತೋರಿಸಬೇಕೆಂದು ಯುರೋಪಿನ ಒಕ್ಕೂಟ 2002ರಲ್ಲೇ ನಿರ್ದೇಶನ ಹೊರಡಿಸಿತು. ಇಂಗ್ಲೆಂಡಿನಲ್ಲಿ ಮನೆಗಳಿಗೆ ಎ-ಯಿಂದ ಜಿ-ವರೆಗೆ ದರ್ಜೆಯಿದೆ. ನಮ್ಮಲ್ಲಿ 2018ರ ಇಕೋ ನಿವಾಸ್ ಸಂಹಿತೆ ಹೊಸ ಕಟ್ಟಡದ ವಿನ್ಯಾಸದ ಮಾತಾಡುತ್ತದೆ, ಹಳೇ ಮನೆಯ ಮಾರಾಟದ್ದಲ್ಲ. ಇಲ್ಲಿ ಕೊನೆಯ ಕರೆಂಟು ಬಿಲ್ಲು ಕಟ್ಟಿದ ರಸೀದಿ ಕೊಟ್ಟು, ಕರೆಂಟು ಸಂಪರ್ಕದ ಆರ್.ಆರ್. ನಂಬರನ್ನು ಹೊಸಬರ ಹೆಸರಿಗೆ ಮಾಡಿಸಿದರೆ ಆಯಿತು. ಸೆಕೆ ಎಷ್ಟೆಂದು ತಿಳಿಯಬೇಕಾದವರು ಏಪ್ರಿಲಿನ ಇಳಿಹೊತ್ತಿನಲ್ಲಿ ಹೋಗಿ ಪಡುವಣ ಗೋಡೆಯ ಮೇಲೆ ಅಂಗೈ ಇಟ್ಟು ನೋಡುತ್ತಾರೆ.